ಒಂಬತ್ತು ಇಪ್ಪತ್ತಕ್ಕೆ ಬೀಳುತ್ತಿದ್ದ ಬೆಳಕು

ಮೊನ್ನೆ ರಕ್ತ ಪರೀಕ್ಷೆಗೆಂದು ಹೋಗಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ತೋಳಿಗೆ ಉಜ್ಜಿದಳು. ಸೂಜಿಗೆ ಹೆದರುವವಳಲ್ಲ ನಾನು. ಆದರೂ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. "ಇನ್ನೂ ಚುಚ್ಚೇ ಇಲ್ವಲ್ಲ ಮೇಡಂ" ಎಂದು ಆಕೆ ನಕ್ಕಳು. ನನಗೆ ನೆನಪಾದದ್ದು ಚಳ್ಳಕೆರೆಯ ಒಂದು ಬೇಸಿಗೆ. ಕೂದಲೆಳೆಯಂಥ ಗಾಜಿನ ಫೈಬರ್‌ಗಳ ತುದಿಯನ್ನು ಸ್ಪಿರಿಟ್ ಹಚ್ಚಿದ ಕಾಗದದಿಂದ ಒರೆಸುತ್ತ ಕೂತಿರುತ್ತಿದ್ದ ಪಾಲಯ್ಯ, ಪಕ್ಕದ ಮೇಜಿನಿಂದ ಅವರ ಬೆರಳುಗಳನ್ನೇ ಓರೆಗಣ್ಣಿನಲ್ಲಿ ಕಾಯುತ್ತಿದ್ದ ನಾನು.

ಆಗ ನನಗೆ ಇಪ್ಪತ್ತೇಳು. ಭೌತಶಾಸ್ತ್ರದ ಸಂಶೋಧನೆಗೆ ಸೇರಿ ಮೂರನೆಯ ವರ್ಷ. ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಬೇಲಿ ಹಾಕಿಕೊಂಡಿದ್ದ ಸಂಸ್ಥೆಯೊಂದರಲ್ಲಿ ನಮ್ಮ ಗುಂಪಿಗೆ ಜಾಗ ಸಿಕ್ಕಿತ್ತು. ಹೊಸ ಕಟ್ಟಡ ಮುಗಿಯುವವರೆಗೆ ಹಳೆಯ ಉಗ್ರಾಣವೇ ಪ್ರಯೋಗಾಲಯ. ಕಿಟಕಿಗಳಿಗೆ ಹಲಗೆ ಹೊಡೆದು, ಮೇಲಿನ ಗವಾಕ್ಷಿಗಳ ಗಾಜಿಗೆ ಕಪ್ಪು ಬಣ್ಣ ಬಳಿದು, ಏಸಿ ಕೂರಿಸಿ ಕೊಟ್ಟಿದ್ದರು. ಉಳಿದ ವಿದ್ಯಾರ್ಥಿಗಳು ಆ ಬಯಲಿಗೆ ಬರಲು ಒಪ್ಪಲಿಲ್ಲ. ನನ್ನ ಮನೆ ಚಳ್ಳಕೆರೆಯಲ್ಲೇ ಇದ್ದುದರಿಂದ ನನ್ನನ್ನು ಕಳಿಸಿದರು. ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು ಸ್ಕೂಟರ್ ಹತ್ತಿದರೆ ಎಂಟು ಗಂಟೆಯೊಳಗೆ ಗೇಟಿನಲ್ಲಿರುತ್ತಿದ್ದೆ. ಅಲ್ಲಿ ಫೋನು ಕೊಟ್ಟು, ಚೀಲ ಬಿಚ್ಚಿ ತೋರಿಸಿ, ಸಹಿ ಹಾಕಿ ಒಳಗೆ ಹೋಗಬೇಕು. ದಿನಾ ನೋಡುವ ಗಾರ್ಡೇ ದಿನಾ ಹೊಸಬಳನ್ನು ನೋಡುವಂತೆ ಗುರುತಿನ ಚೀಟಿಯನ್ನೂ ಮುಖವನ್ನೂ ತಾಳೆ ನೋಡುತ್ತಿದ್ದ.

ಬೇಲಿಯ ಹೊರಗೂ ಅಂಥದೇ ಅನುಮಾನ. ಕಾವಲಿನ ಹುಲ್ಲಿಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿಗಳು ಬೇಲಿಯಿಂದಾಗಿ ಸುತ್ತುಬಳಸಾಗಿದ್ದವು. ಒಳಗೆ ಏನು ನಡೆಯುತ್ತದೆಂದು ಯಾರೂ ಸುತ್ತಲಿನ ಹಟ್ಟಿಯವರಿಗೆ ಬಿಡಿಸಿ ಹೇಳಿರಲಿಲ್ಲ. ದಾರಿಯಲ್ಲಿ ಚಹಾ ಕುಡಿಯಲು ನಿಂತರೆ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು, "ಏನವ್ವ, ನಿಮ್ಮ ಲೇಸರ್ರು ಮೋಡಾನ ಓಡಿಸ್ತೈತಂತೆ, ಖರೇನಾ?" ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ನಮ್ಮ ಕೆಲಸ ಇದ್ದದ್ದು ಮೋಡದಷ್ಟು ದೊಡ್ಡದರಲ್ಲಿ ಅಲ್ಲ. ಉಗುರಿನಗಲದ ಒಂದು ಚಿಪ್, ಅದರ ಮೇಲೆ ಎಳ್ಳು ಕಾಳಿಗಿಂತ ಸಣ್ಣದೊಂದು ಉಂಗುರ. ಅದರೊಳಗೆ ಒಂದೇ ಬಣ್ಣದ ಲೇಸರ್ ಬೆಳಕನ್ನು ಬಿಡುತ್ತಿದ್ದೆವು. ಅದೂ ಕಣ್ಣಿಗೆ ಕಾಣದ ಬೆಳಕು. ಉಂಗುರದಲ್ಲಿ ಸಾವಿರಾರು ಸುತ್ತು ಹಾಕುತ್ತ ಅದು ತೀವ್ರವಾದಾಗ ಒಂದು ಬಣ್ಣ ನೂರಾರು ಬಣ್ಣಗಳಾಗುತ್ತದೆ. ಎರಡೆರಡರ ನಡುವೆಯೂ ಒಂದೇ ಅಂತರ, ಬಾಚಣಿಗೆಯ ಹಲ್ಲುಗಳ ಹಾಗೆ. ಕಾಲವನ್ನು, ದೂರವನ್ನು ಅತಿ ನಿಖರವಾಗಿ ಅಳೆಯಲು ಆ ಬಾಚಣಿಗೆ ಬೇಕು. ಆದರೆ ಸುಮ್ಮನೆ ಬೆಳಕು ಬಿಟ್ಟರೆ ಹುಟ್ಟುವ ಹಲ್ಲುಗಳು ನಡುಗುತ್ತಿರುತ್ತವೆ, ಬರೀ ಗದ್ದಲ. ಲೇಸರಿನ ಬಣ್ಣವನ್ನು ನಿಧಾನವಾಗಿ ಸರಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಗದ್ದಲ ಅಡಗಿ, ಬೆಳಕಿನ ಒಂದೇ ಒಂದು ತುಣುಕು ಉಂಗುರದಲ್ಲಿ ಸುತ್ತತೊಡಗುತ್ತದೆ. ಬೆಳಕಿನ ತುಣುಕು ಸಾಮಾನ್ಯವಾಗಿ ಓಡುತ್ತ ಓಡುತ್ತ ಹರಡಿ ತೆಳುವಾಗುತ್ತದೆ. ಇದು ಹರಡುವುದಿಲ್ಲ. ಹರಡುವುದನ್ನು ಅದರದೇ ತೀವ್ರತೆ ತಡೆಹಿಡಿಯುತ್ತದೆ, ಸುತ್ತುವಾಗ ಕಳೆದುಕೊಂಡದ್ದನ್ನು ಲೇಸರ್ ತುಂಬಿಕೊಡುತ್ತದೆ. ಇದಕ್ಕೆ ಸಾಲಿಟಾನ್ ಎನ್ನುತ್ತಾರೆ.

ಅದು ಹುಟ್ಟಿದಾಗ, ಉಂಗುರದ ಬೆಳಕನ್ನು ಅಳೆದು ತೋರಿಸುವ ಪರದೆಯ ಗೆರೆಯಲ್ಲಿ ಹೊಸ್ತಿಲಿನಂಥ ಒಂದು ಸಣ್ಣ ಮೆಟ್ಟಿಲು ಕಾಣುತ್ತದೆ. ಅಲ್ಲೇ ನಿಲ್ಲಿಸಬೇಕು. ಕೂದಲೆಳೆ ಮುಂದೆ ಹೋದರೆ ಬೆಳಕು ಉಂಗುರದಿಂದ ಜಾರಿಬಿಡುತ್ತದೆ. ಒಮ್ಮೆ ಜಾರಿದರೆ ಮತ್ತೆ ಕೂರಿಸಲು ಗಂಟೆ ಹಿಡಿಯುತ್ತಿತ್ತು. ಪರಿಶೀಲನಾ ಸಮಿತಿ ಬರುವುದರೊಳಗೆ ಒಂದು ಸಾಲಿಟಾನ್ ಎಂಟು ಗಂಟೆ ಕಾಲ ನಿಲ್ಲುವುದನ್ನು ತೋರಿಸುತ್ತೇವೆ ಎಂದು ನಮ್ಮ ಮುಖ್ಯಸ್ಥರಾದ ಅನಂತ ಸರ್ ಮಾತು ಕೊಟ್ಟಿದ್ದರು. ನನ್ನ ಪ್ರಬಂಧವೂ ಅದರ ಮೇಲೇ ನಿಂತಿತ್ತು.

ಪಾಲಯ್ಯ ನಮ್ಮ ಗುತ್ತಿಗೆ ತಂತ್ರಜ್ಞ. ಮೂವತ್ತೈದರ ಆಸುಪಾಸು, ಐಟಿಐ ಓದಿದವರು, ಕಾವಲಿನ ಮಗ್ಗುಲಿನ ಹಟ್ಟಿಯವರು. ಫೈಬರಿನ ತುದಿಯನ್ನು ಚಿಪ್ಪಿನ ಅಂಚಿಗೆ ಎದುರುಬದುರು ಕೂರಿಸುವ ಕೆಲಸ ನನಗೆ ಅರ್ಧ ದಿನದ್ದು, ಅವರಿಗೆ ಹತ್ತು ನಿಮಿಷದ್ದು. ಸ್ಕ್ರೂ ತಿರುಗಿಸುವಾಗ ಉಸಿರು ಹಿಡಿಯುತ್ತಿದ್ದರು. ಮಾತು ಕಡಿಮೆ. ಒಮ್ಮೆ ಅವರು ಯಂತ್ರದ ಫ್ಯಾನಿನ ಸದ್ದು ಬದಲಾಗಿದೆ ಎಂದದ್ದಕ್ಕೆ ಅನಂತ ಸರ್, "ನೀವು ಒರೆಸಿ ಪಾಲಯ್ಯ, ಫ್ಯಾನಿನ ಚಿಂತೆ ನಮಗಿರಲಿ" ಎಂದು ನಕ್ಕಿದ್ದರು. ಅಂದಿನಿಂದ ಇನ್ನೂ ಕಡಿಮೆ.

ಏಪ್ರಿಲ್ ಅರ್ಧ ಕಳೆದ ಮೇಲೆ ಶುರುವಾಯಿತು. ಎಂಟಕ್ಕೆ ಬಂದು, ಎಂಟೂಮುಕ್ಕಾಲಿಗೆಲ್ಲ ಸಾಲಿಟಾನ್ ಕೂರಿಸಿ, ಕುರ್ಚಿಗೆ ಒರಗಿ ಕೂತರೆ ಒಂಬತ್ತು ಇಪ್ಪತ್ತರ ಹೊತ್ತಿಗೆ ಗೆರೆ ದಡಕ್ಕನೆ ಕೆಳಗೆ ಬೀಳುತ್ತಿತ್ತು. ಮೊದಲ ದಿನ ದುರದೃಷ್ಟ ಅಂದುಕೊಂಡೆ. ಎರಡನೆಯ ದಿನ ಲೇಸರನ್ನು ಬೈದೆ. ನಾಲ್ಕನೆಯ ದಿನ ಗಡಿಯಾರ ನೋಡಿದೆ. ಒಂಬತ್ತು ಹತ್ತೊಂಬತ್ತು. ಸಂಸ್ಥೆಯ ಬಸ್ಸಿನಲ್ಲಿ ಪಾಲಯ್ಯ ಬಂದಿಳಿಯುತ್ತಿದ್ದದ್ದು ಒಂಬತ್ತಕ್ಕೆ. ಚಪ್ಪಲಿ ಬಿಟ್ಟು, ಕೋಟು ಹಾಕಿ, ಮೇಜು ಒರೆಸಲು ಶುರು ಮಾಡುತ್ತಿದ್ದದ್ದು ಒಂಬತ್ತೂಕಾಲಿಗೆ.

ಅನುಮಾನ ನನಗೆ ಹೊಸದಲ್ಲ. ನಮ್ಮಪ್ಪನದು ಎಣ್ಣೆ ಗಿರಣಿ. ಸೇಂಗಾ ಮೂಟೆ ಬಂದರೆ ಅವರು ಮೇಲಿನ ಕಾಯಿ ನೋಡುವವರಲ್ಲ. ಮೂಟೆಯನ್ನು ನೆಲಕ್ಕೆ ಸುರುವಿಸಿ, ತಳದ ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆದು, ಕಚ್ಚಿ, ಆಮೇಲೆ ಮಾತು. "ಯಾರನ್ನೂ ಬಾಯಿಂದ ನಂಬಬ್ಯಾಡ, ಕೈಯಿಂದ ನೋಡು" ಎಂದು ಹೇಳುತ್ತಲೇ ನನ್ನನ್ನು ಬೆಳೆಸಿದವರು. ಪ್ರಯೋಗಾಲಯದಲ್ಲೂ ಅದೇ ಪಾಠ. ಕಣ್ಣೆದುರಿಗೆ ಬಂದ ಫಲಿತಾಂಶವನ್ನು ಮೊದಲು ಸಂಶಯಿಸು ಎಂದು ಅನಂತ ಸರ್ ಹೇಳುತ್ತಿದ್ದರು. ಹೀಗಾಗಿ ನನ್ನ ಅನುಮಾನದ ಮೇಲೆ ನನಗೆ ಅನುಮಾನ ಬರಲೇ ಇಲ್ಲ.

ಫೈಬರ್ ಹಿಡಿದಿಟ್ಟ ತಿರುಗು ಹಿಡಿಗಳ ಮೇಲೆ ಸಂಜೆ ಹೊರಡುವಾಗ ಪೆನ್ಸಿಲ್ ಗೀಟು ಎಳೆದು ಹೋದೆ. ಬೆಳಿಗ್ಗೆ ಗೀಟುಗಳು ಇದ್ದಲ್ಲೇ ಇದ್ದವು. ಪಾಲಯ್ಯ ಹಿಡಿಗಳನ್ನು ಮುಟ್ಟುತ್ತಿಲ್ಲ ಎಂದು ತಿಳಿಯಬೇಕಿತ್ತು. ಮುಟ್ಟಿದರೂ ಗುರುತು ಉಳಿಸದಷ್ಟು ಜಾಣ ಎಂದು ತಿಳಿದೆ. ಬಸವ ಜಯಂತಿಯ ರಜೆಯ ದಿನ ವಿಶೇಷ ಅನುಮತಿ ಪಡೆದು ಒಬ್ಬಳೇ ಬಂದೆ. ಹಿಂದಿನ ಸಂಜೆ ಗುಡುಗಿ ಮಳೆ ಬಿದ್ದು ಆಕಾಶ ಇನ್ನೂ ಕವುಚಿಕೊಂಡಿತ್ತು. ಒಂಬತ್ತು ಇಪ್ಪತ್ತಾಯಿತು, ಹತ್ತಾಯಿತು, ಮಧ್ಯಾಹ್ನವಾಯಿತು. ಸಾಲಿಟಾನ್ ಅಲುಗಲಿಲ್ಲ. ಪಾಲಯ್ಯ ಇಲ್ಲದ ದಿನ ಅದು ನಿಂತಿತ್ತು. ಬುತ್ತಿ ಬಿಚ್ಚಿ ಉಣ್ಣುವಾಗ ನನಗೆ ಸಂತೋಷವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಆಗಿತ್ತು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಗೂಟಕ್ಕೆ ನೇತುಹಾಕಿದ್ದ ಅವರ ಬಟ್ಟೆ ಚೀಲಕ್ಕೆ ಕೈ ಹಾಕಿದೆ. ಟವೆಲ್, ಎಲೆಅಡಿಕೆ ಸಂಚಿ, ಒಂದು ಚಿಕ್ಕ ನೋಟ್‌ಬುಕ್. ಕಣ್ಣಿಗೆ ಬಿದ್ದ ಎರಡು ಹಾಳೆಗಳ ತುಂಬ ತಾರೀಖು, ಎದುರಿಗೆ ಹೊತ್ತು. ೯-೨೦, ೯-೧೯, ೯-೧೯, ೯-೧೮. ಪ್ರತಿದಿನ ನಮ್ಮ ಬೆಳಕು ಬಿದ್ದ ಹೊತ್ತು. ಕೊನೆಯ ಸಾಲಿನಲ್ಲಿ ಮರುದಿನದ ತಾರೀಖು ಇತ್ತು. ಅದರ ಎದುರು ಆಗಲೇ ೯-೧೨ ಎಂದು ಬರೆದಾಗಿತ್ತು.

ಮರುದಿನ ನಾನು ಗಡಿಯಾರದ ಮುಂದೆ ಕೂತೆ. ಪಾಲಯ್ಯ ಅಂದು ಎಂದಿಗಿಂತ ಬೇಗನೆ ಕೆಲಸಕ್ಕೆ ತೊಡಗಿ, ಆಚೆ ಮೇಜಿನಲ್ಲಿ ನನಗೆ ಬೆನ್ನು ಮಾಡಿ ಏನೋ ಒರೆಸುತ್ತಿದ್ದರು. ಒಂಬತ್ತು ಹನ್ನೆರಡಕ್ಕೆ ಗೆರೆ ಬಿತ್ತು. ಅವರು ತಿರುಗಿ ಪರದೆಯನ್ನೂ ಗಡಿಯಾರವನ್ನೂ ನೋಡಿ ಸಣ್ಣಗೆ ತಲೆಯಾಡಿಸಿದರು. ಅದನ್ನು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನೇರ ಅನಂತ ಸರ್ ಕೋಣೆಗೆ ಹೋದೆ.

ಸರ್ ಅವರನ್ನು ಕರೆಸಿದಾಗ ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಡಿಸಿಕೊಂಡು ಸರ್ ಕೇಳಿದರು, "ಈ ಹೊತ್ತುಗಳನ್ನೆಲ್ಲ ಯಾಕೆ ಬರೆದಿದ್ದೀರಿ?"

"ಬೀಳ್ತೈತಲ್ಲ ಸಾರ್, ಅದ್ಕೆ."

"ಇವತ್ತು ಬಿದ್ದದ್ದನ್ನ ನಿನ್ನೆಯೇ ಹೇಗೆ ಬರೆದಿರಿ?"

"ಅಂದಾಜು ಸಾರ್. ದಿನಾ ಚೂರು ಚೂರು ಮುಂಚೆ ಬರ್ತಾ ಐತೆ. ಯಾಕಂತ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಇನ್ನೊಂದು ವಾರ ಬಿಡ್ರಿ, ಹೇಳ್ತೀನಿ."

ಸರ್ ನನ್ನ ಕಡೆ ನೋಡಿದರು. ಆಮೇಲೆ ಬೇರೊಂದು ಮಾತು ತೆಗೆದರು. "ಬೇಲಿ ತೆಗೀಬೇಕು ಅಂತ ಅರ್ಜಿ ಕೊಟ್ಟಿದ್ದು ನಿಮ್ಮ ಹಟ್ಟಿಯವರೇ ಅಲ್ವಾ?"

ಪಾಲಯ್ಯನವರಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಆಗ ಅರ್ಥವಾಯಿತು. ಅವರು ಸರ್ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ನನ್ನ ಚೀಲದಾಗಿನ ಪುಸ್ತಕ ಅದು" ಎಂದರು. ಜೂನ್ ಒಂದಕ್ಕೆ ಮುಗಿಯುತ್ತಿದ್ದ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಗೇಟಿನಲ್ಲಿ ಪಾಸು ವಾಪಸ್ ತೆಗೆದುಕೊಂಡರು. ಆರೋಪ ಎಲ್ಲೂ ಬರೆದಿರಲಿಲ್ಲ.

ಜೂನ್ ಬಂತು, ಅದರ ಹಿಂದೆ ಪಡುವಣ ಗಾಳಿ. ನಮ್ಮ ಕಡೆ ಆ ತಿಂಗಳುಗಳಲ್ಲಿ ಮಳೆ ಬೀಳುವುದಕ್ಕಿಂತ ಮೋಡ ಹಾದುಹೋಗುವುದೇ ಹೆಚ್ಚು. ಕಾವಲಿನ ಒಣಹುಲ್ಲು ಇಡೀ ದಿನ ಒಂದೇ ಕಡೆಗೆ ಬಾಗಿಕೊಂಡಿರುತ್ತಿತ್ತು. ಒಳಗೆ ಸಾಲಿಟಾನ್ ಆರು ಗಂಟೆ ನಿಂತಿತು, ಏಳು ಗಂಟೆ ನಿಂತಿತು, ಎಂಟನ್ನೂ ದಾಟಿತು. ಅನಂತ ಸರ್ ಸಿಹಿ ತರಿಸಿ ಹಂಚಿದರು. "ನೋಡಿದೆಯಾ, ಕಾರಣ ಹೊರಗೆ ಹೋಯ್ತು, ತೊಂದರೆ ಹೋಯ್ತು" ಎಂದರು. ಚಳ್ಳಕೆರೆಯ ಸಂತೆಯಲ್ಲಿ ಹಟ್ಟಿಯ ಹೆಂಗಸೊಬ್ಬಳು ಮತ್ತೊಬ್ಬಳಿಗೆ ಪಾಲಯ್ಯ ಒಳಗೆ ಏನೋ ಕದ್ದನಂತೆ ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಕದ್ದದ್ದಲ್ಲ ಎಂದು ಹೇಳಬೇಕೆನಿಸಿತು. ಹಾಗಾದರೆ ಏನು ಎಂದು ಕೇಳಿದರೆ? ಟೊಮೆಟೊ ಆರಿಸಿಕೊಂಡು ಮುಂದೆ ನಡೆದೆ.

ಆಗಸ್ಟ್ ನಡುವಿನಲ್ಲಿ ಒಂದು ದಿನ ಮೋಡವೆಲ್ಲ ಹರಿದು ಆಕಾಶ ತೊಳೆದಂತಾಯಿತು. ಬೆಳಿಗ್ಗೆ ನಾನು ಎಂದಿನಂತೆ ಒಬ್ಬಳೇ ಇದ್ದೆ. ಒಂಬತ್ತು ಹದಿನೇಳಕ್ಕೆ ಗೆರೆ ದಡಕ್ಕನೆ ಬಿತ್ತು.

ಬಾಗಿಲ ಕಡೆ ನೋಡಿದೆ. ಯಾರಾದರೂ ಇರಬಾರದೇ ಎಂದು ಆಸೆಯಿಂದ ನೋಡಿದ್ದು ಅದೇ ಮೊದಲು. ಯಾರೂ ಇರಲಿಲ್ಲ. ಮರುದಿನವೂ ಬಿತ್ತು, ಅರ್ಧ ನಿಮಿಷ ತಡವಾಗಿ. ಅದರ ಮರುದಿನ ಇನ್ನೂ ಸ್ವಲ್ಪ ತಡವಾಗಿ. ನಾಲ್ಕನೆಯ ದಿನ ಮೋಡ, ಬೀಳಲಿಲ್ಲ.

ನೋಟ್‌ಬುಕ್ ಅನಂತ ಸರ್ ಮೇಜಿನ ಖಾನೆಯಲ್ಲೇ ಉಳಿದಿತ್ತು. ಅವರು ಬೆಂಗಳೂರಿಗೆ ಹೋಗಿದ್ದರು. ಕಚೇರಿಯ ಫೋನಿನಲ್ಲಿ ಕೇಳಿ ತೆಗೆಸಿಕೊಂಡು ಮೊದಲ ಸಲ ಮೊದಲ ಹಾಳೆಯಿಂದ ಓದಿದೆ. ನಾನು ಅಂದು ನೋಡಿದ್ದು ನಡುವಿನ ಎರಡು ಹಾಳೆ ಮಾತ್ರ. ಹಿಂದೆ ಮುಂದೆ ಇನ್ನೂ ಬೇಕಾದಷ್ಟು ಇತ್ತು. ಏಸಿ ಶುರುವಾಗುವ ಹೊತ್ತು, ನೀರಿನ ಪಂಪು ಓಡುವ ಹೊತ್ತು, ಬಸ್ಸು ಬರುವ ಹೊತ್ತು, ಒಂದೊಂದರ ಎದುರೂ "ಇದಲ್ಲ" ಎಂದು ಗುಂಡನೆಯ ಅಕ್ಷರಗಳು. ಬಸವ ಜಯಂತಿಯ ತಾರೀಖಿನ ಎದುರು "ನಾನು ಹೋಗಿಲ್ಲ. ಮೇಡಂ ಬೀಳಲಿಲ್ಲ ಅಂದರು. ಮೋಡ." ಇನ್ನೊಂದು ದಿನದ ಎದುರು "ನಾನೂ ಇದ್ದೆ. ಬೀಳಲಿಲ್ಲ. ಮೋಡ." ಎರಡು ಸಲವೂ ಮೋಡ ಎಂಬ ಮಾತಿನ ಕೆಳಗೆ ಗೆರೆ ಎಳೆದಿತ್ತು. ಆ ಎರಡನೆಯ ದಿನವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಸಂಜೆ ಗಿರಣಿಯ ಆಫೀಸಿನಲ್ಲಿ ಅಪ್ಪನ ಕ್ಯಾಲೆಂಡರ್ ತೆಗೆದು ಸೂರ್ಯೋದಯದ ಹೊತ್ತುಗಳನ್ನು ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿದೆ. ಬೇಸಿಗೆಯಲ್ಲಿ ಸೂರ್ಯ ದಿನದಿನಕ್ಕೆ ಬೇಗ ಹುಟ್ಟುತ್ತಿದ್ದ, ನಮ್ಮ ಬೆಳಕೂ ಬೇಗ ಬೀಳುತ್ತಿತ್ತು. ಈಗ ಸೂರ್ಯ ತಡ ಮಾಡುತ್ತಿದ್ದ, ಬೆಳಕೂ ತಡವಾಗುತ್ತಿತ್ತು. ಮರುದಿನ ಒಂಬತ್ತಕ್ಕೆ ಯಂತ್ರಗಳ ರ‍್ಯಾಕನ್ನು ಗೋಡೆಯಿಂದ ಈಚೆಗೆ ಎಳೆದು ಹಿಂದೆ ಇಣುಕಿದೆ. ಪೂರ್ವದ ಗವಾಕ್ಷಿಯ ಗಾಜಿನಲ್ಲಿ ಅಂಗೈಯಗಲ ಕಪ್ಪು ಬಣ್ಣ ಉದುರಿತ್ತು. ಅಲ್ಲಿಂದ ಇಳಿದ ಬಿಸಿಲಿನ ತುಂಡೊಂದು ಗೋಡೆಯ ಮೇಲೆ ತೆವಳುತ್ತ, ರ‍್ಯಾಕಿನ ಹಿಂದೆ ಸುರುಳಿ ಸುತ್ತಿ ನೇತುಹಾಕಿದ್ದ ಫೈಬರಿನ ಮೇಲೆ ಬಂದು ಕೂತಿತು. ಫೈಬರ್ ಬೆಚ್ಚಗಾದರೆ ಅದರೊಳಗೆ ಬೆಳಕು ಕಂಪಿಸುವ ದಿಕ್ಕು ಬದಲಾಗುತ್ತದೆ, ಉಂಗುರಕ್ಕೆ ಸೇರುವ ಬೆಳಕು ಕಡಿಮೆಯಾಗುತ್ತದೆ. ನಾನು ನೋಡುತ್ತಿದ್ದಂತೆಯೇ ಹಿಂದಿನ ಪರದೆಯಲ್ಲಿ ಗೆರೆ ಬಿತ್ತು. ಏಣಿ ತಂದು ಗವಾಕ್ಷಿಗೆ ಒಂದು ರಟ್ಟು ಅಂಟಿಸಿದೆ. ನಾಲ್ಕು ತಿಂಗಳ ತೊಂದರೆಗೆ ಅಷ್ಟೇ ಔಷಧಿ.

ಅಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಮೂಟೆ ಸೇಂಗಾನಾದ್ರೂ ನಾನು ಪೂರ್ತಿ ಸುರುವಿಸಿ ನೋಡ್ತೀನಿ. ನೀನು ಒಬ್ಬ ಮನುಷ್ಯನ್ನ ಎರಡು ಹಾಳೆ ನೋಡಿ ಕಳ್ಸಿಬಿಟ್ಟೆಲ್ಲವ್ವ" ಎಂದರು.

ಅನಂತ ಸರ್ ಹಿಂತಿರುಗಿದ ಮೇಲೆ ಅವರಿಗೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು, ಆಮೇಲೆ ಗಟ್ಟಿಯಾಯಿತು. "ಅವರ ಮೇಲೆ ನಾವು ಆರೋಪವನ್ನೇ ಮಾಡಿಲ್ಲ. ಆರೋಪ ಇಲ್ಲದ ಮೇಲೆ ಕ್ಷಮೆ ಯಾತಕ್ಕೆ? ಗುತ್ತಿಗೆ ಮುಗೀತು, ಹೋದರು" ಎಂದರು. ಸಮಿತಿ ಬರಲು ಎರಡು ವಾರ ಇತ್ತು. ನಾನು ಎರಡು ಪುಟದ ಪತ್ರ ಬರೆದೆ. ಕಾರಣ ಬಿಸಿಲು, ಪಾಲಯ್ಯ ಅದರ ಹತ್ತಿರ ಬಂದಿದ್ದರು, ಅವರ ಚೀಲವನ್ನು ಕೇಳದೆ ತೆಗೆದದ್ದು ನಾನು, ಅವರ ಮೇಲೆ ದೂರಿದ್ದೂ ನಾನು. ಒಂದು ಪ್ರತಿಯನ್ನು ಸರ್ ಕೈಗೆ ಕೊಟ್ಟೆ, ಇನ್ನೊಂದನ್ನು ಆಡಳಿತ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಸರ್ ಅವರೇ ಎಂದು ಗೊತ್ತಿದ್ದೇ ಕೊಟ್ಟೆ.

ಭಾನುವಾರ ಹಟ್ಟಿಗೆ ಹೋದೆ. ಪಾಲಯ್ಯ ಅಲ್ಲಿ ಇರಲಿಲ್ಲ. ಜನರ ಬಾಯಿ ತಾಳಲಾರದೆ ಹೆಂಡತಿ ಮಕ್ಕಳ ಜೊತೆ ದೇವಸಮುದ್ರಕ್ಕೆ, ಹೆಂಡತಿಯ ತವರಿಗೆ ಹೋಗಿದ್ದರು. ಅವರ ತಾಯಿ ಪಾಪಮ್ಮ ಬಾಗಿಲಲ್ಲೇ ನಿಂತು ಇಷ್ಟನ್ನು ಹೇಳಿ ಒಳಗೆ ಹೋದರು.

ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ ದೇವಸಮುದ್ರ ಸೇರುವಾಗ ಮಧ್ಯಾಹ್ನ. ಬಸ್ಸಿನ ತುಂಬ ಅರ್ಧ ಕನ್ನಡ, ಅರ್ಧ ತೆಲುಗು. ಪಾಲಯ್ಯನವರ ಅತ್ತೆ ಹೊರಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಎವರಮ್ಮಾ ನುವ್ವು?" ಎಂದು ನಾನು ಯಾರೆಂದು ತೆಲುಗಿನಲ್ಲಿ ಕೇಳಿದರು. ಚಳ್ಳಕೆರೆಯಿಂದ ಬಂದೆ, ಪಾಲಯ್ಯನವರ ಜೊತೆ ಕೆಲಸ ಮಾಡುತ್ತಿದ್ದವಳು ಎಂದೆ. ಅವರ ಕೈ ನಿಂತಿತು. ಕೂರು ಎನ್ನಲಿಲ್ಲ. ಬಸ್ ನಿಲ್ದಾಣದ ಕಡೆ ಗಲ್ಲ ಎತ್ತಿ ತೋರಿಸಿದರು.

ಅಲ್ಲಿ ಭಾವಮೈದುನನ ಅಂಗಡಿಯಲ್ಲಿ ಪಾಲಯ್ಯ ಸುಟ್ಟ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುತ್ತಿದ್ದರು. ನನ್ನನ್ನು ಕಂಡರೂ ಸುತ್ತು ಎಣಿಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ತಂತಿ ಕತ್ತರಿಸಿ, "ಹೇಳ್ರಿ ಮೇಡಂ" ಎಂದರು.

ಹೇಳಿದೆ. ಗವಾಕ್ಷಿ, ಬಿಸಿಲು, ಫೈಬರ್ ಸುರುಳಿ. ನನ್ನ ತಪ್ಪಿನ ಮಾತು ಬರುವ ಮೊದಲೇ ಅವರ ಮುಖ ಅರಳಿಬಿಟ್ಟಿತು.

"ರ‍್ಯಾಕ್ ಹಿಂದೆ! ಅಲ್ಲಿಗೆ ಬಿಸಿಲು ಬರ್ತೈತಾ? ನಾನು ಛಾವಣಿ ಕಾಯ್ತೈತೆ ಅಂದ್ಕೊಂಡಿದ್ದೆ ನೋಡ್ರಿ. ತಗಡಿನ ಮೇಲೆ ಕೈ ಇಟ್ಟು ನೋಡ್ಬೇಕು ಅಂತಿದ್ದೆ, ಅಷ್ಟರಾಗೆ..." ಎಂದು ನಿಲ್ಲಿಸಿದರು. ಮುಖ ಮತ್ತೆ ಮುಚ್ಚಿಕೊಂಡಿತು.

"ತಪ್ಪು ನಂದು ಪಾಲಯ್ಯಣ್ಣ" ಎಂದೆ. "ನಿಮ್ಮನ್ನೇ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಪುಸ್ತಕ ನಾನೇ ಕೊಡ್ತಿದ್ದೆ." ಅವರು ಇಕ್ಕಳವನ್ನು ಒರೆಸಿ ಕೆಳಗಿಟ್ಟರು. "ನನಗೆ ಹೇಳಿದ್ರಿ, ಆಯ್ತು. ನನಗೆ ಮೊದ್ಲೇ ಗೊತ್ತಿತ್ತಲ್ಲ, ನಾನು ಮಾಡಿಲ್ಲ ಅಂತ. ಗೊತ್ತಿಲ್ದೋರಿಗೆ ಹೇಳ್ರಿ. ಹಟ್ಟಿಯಾಗೆ ನಮ್ಮವ್ವನ ಮುಂದೆ ಹೇಳ್ರಿ."

ಮುಂದಿನ ಭಾನುವಾರ ಬೆಳಿಗ್ಗೆ ಹಟ್ಟಿಯ ಬೇವಿನ ಮರದ ಕಟ್ಟೆಯ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದರು. ಪಾಲಯ್ಯ ಹಿಂದೆ ನಿಂತಿದ್ದರು. ಅಷ್ಟು ಜನರ ಮುಂದೆ ಮಾತಾಡಿದ್ದು ಅದೇ ಮೊದಲು. ಪಾಲಯ್ಯ ಏನನ್ನೂ ಕದ್ದಿಲ್ಲ, ಏನನ್ನೂ ಕೆಡಿಸಿಲ್ಲ, ನಾನು ಸುಳ್ಳು ಅನುಮಾನದಿಂದ ದೂರು ಹೇಳಿದೆ ಎಂದೆ. ಬೊಮ್ಮಣ್ಣ ಎಂಬ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಕೋಲಿನ ಮೇಲೆ ಗಲ್ಲ ಊರಿ, "ಏನು ಕೆಟ್ಟಿತ್ತವ್ವ ನಿಮ್ದು? ಅದನ್ನ ಹೇಳು ಮೊದ್ಲು" ಎಂದರು.

ಹೇಗೆ ಹೇಳಲಿ? ಎಳ್ಳಿಗಿಂತ ಸಣ್ಣ ಉಂಗುರ, ಅದರಲ್ಲಿ ಸುತ್ತುವ ಬೆಳಕು, ಸುತ್ತು ತಪ್ಪದೆ ನಿಂತರೆ ಅದು ಅಳತೆಗೋಲಾಗುತ್ತದೆ, ದಿನಾ ಬೆಳಿಗ್ಗೆ ಅದು ನಿಂತುಹೋಗುತ್ತಿತ್ತು ಎಂದೆ.

"ಆ ಬೆಳಕು ಕಾಣ್ತೈತಾ?"

"ಇಲ್ಲ. ಕಣ್ಣಿಗೆ ಕಾಣಲ್ಲ."

ಹಿಂದೆ ಯಾರೋ ನಕ್ಕರು. ಬೊಮ್ಮಣ್ಣ ನಗಲಿಲ್ಲ. "ಕಾಣದ ಬೆಳಕು ನಿಂತ್ಹೋಯ್ತು ಅಂತ ಕಾಣೋ ಮನುಷ್ಯನ್ನ ಹೊರಗ್ಹಾಕಿದ್ರಿ. ಇರ್ಲಿ. ಅದು ಮೋಡ ಓಡಿಸ್ತೈತಾ?"

"ಇಲ್ಲ ಅಜ್ಜ. ಮೋಡ ಇದ್ದ ದಿನಾನೇ ಅದು ಚೆನ್ನಾಗಿ ನಿಲ್ತಿತ್ತು. ಅದನ್ನ ಮೊದಲು ಬರೆದಿಟ್ಟೋರು ಪಾಲಯ್ಯಣ್ಣ."

ಆಗ ಜನ ಮೊದಲ ಸಲ ತಿರುಗಿ ಅವರ ಕಡೆ ನೋಡಿದರು. ಪಾಪಮ್ಮ ಮುಂದೆ ಬಂದು ನನ್ನ ಎದುರಿಗೆ ನಿಂತರು. ಅಳುತ್ತಾರೆ ಅಥವಾ ಬೈಯುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. "ನಾಳೆ ಇನ್ನೊಂದು ಕೆಡ್ತೈತೆ. ಕೆಡೋದೇನು ನಿಲ್ತೈತಾ? ಆಗ ಯಾರ ಚೀಲ ತೆಗೀತೀಯವ್ವ?" ಎಂದು ಕೇಳಿದರು.

"ಮೊದಲು ನಂದು" ಎಂದೆ. ಅದು ಮಾತಿಗೆ ಹೇಳಿದ ಮಾತೆಂದು ಆಕೆಗೂ ಗೊತ್ತಾಗಿರಬೇಕು. ಬಹಳ ಹೊತ್ತು ನೋಡಿ, ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಆಡಳಿತ ಕಚೇರಿ ನನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಆದರೆ ಮೊಹರು ಬಿದ್ದ ಕಾಗದವನ್ನು ಇಲ್ಲವೆನ್ನಲೂ ಆಗುವಂತಿರಲಿಲ್ಲ. ಹತ್ತು ದಿನದ ಮೇಲೆ ಪಾಲಯ್ಯನವರ ಗುತ್ತಿಗೆ ನವೀಕರಣವಾಯಿತು. ಅನಂತ ಸರ್ ನನ್ನ ಜೊತೆ ಕೆಲಸದ ಮಾತನ್ನಷ್ಟೇ ಆಡತೊಡಗಿದರು. ಪ್ರಬಂಧಕ್ಕೆ ಸಹಿ ಹಾಕಿದರು, ತಡವಾಗಿ.

ಪಾಲಯ್ಯ ಮತ್ತೆ ಬಂದ ಮೊದಲ ದಿನ ಸೋಮವಾರ. ಗೇಟಿನಲ್ಲಿ ಗಾರ್ಡು ಅವರ ಚೀಲವನ್ನು ಎರಡು ಸಲ ತಡಕಿದನಂತೆ. ಒಳಗೆ ಬಂದು ಚಪ್ಪಲಿ ಬಿಟ್ಟು, ಕೋಟು ಹಾಕಿ, ನೇರ ರ‍್ಯಾಕಿನ ಹಿಂದೆ ಹೋಗಿ ಗವಾಕ್ಷಿಯ ಕಡೆ ತಲೆ ಎತ್ತಿ ನೋಡಿ ಬಂದರು. ಆಮೇಲೆ ಮೇಜಿಗೆ ಕೂತು ಫೈಬರ್ ತುದಿ ಒರೆಸಿ ಚಿಪ್ಪಿನ ಎದುರಿಗೆ ತರತೊಡಗಿದರು. ಸ್ಪಿರಿಟ್ ವಾಸನೆ ಕೋಣೆಯೆಲ್ಲ ಹರಡಿತು. ನಾನು ಪರದೆ ನೋಡಬೇಕಾದವಳು. ನನಗೆ ತಿಳಿಯದೆಯೇ ನನ್ನ ಕಣ್ಣು ಅವರ ಬೆರಳಿನ ಮೇಲೆ ಹೋಗಿ ಕೂತಿತ್ತು.

ಅವರು ತಲೆ ಎತ್ತಲಿಲ್ಲ. "ಇನ್ನೂ ನೋಡ್ತಾ ಇದ್ದೀರಿ, ಅಲ್ವಾ ಮೇಡಂ?" ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. "ಹೌದು" ಎಂದೆ.

ಅವರು ಫೈಬರ್ ತುದಿಯನ್ನು ಇನ್ನೊಮ್ಮೆ ಒರೆಸಿದರು.

"ನಾನೂ ಬಸ್ಸಿನಾಗೆ ಬರ್ತಾ ಚೀಲ ಮಡಿಲಾಗೆ ಇಟ್ಕೊಂಡೇ ಬಂದೆ" ಎಂದರು. ಗೂಟದ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಚೀಲ ಅವರ ಕಾಲ ಹತ್ತಿರ, ಸ್ಟೂಲಿನ ಕೆಳಗೆ ಇತ್ತು.

ಅವರು ಉಸಿರು ಹಿಡಿದು ಸ್ಕ್ರೂ ತಿರುಗಿಸಿದರು. ನಾನು ಲೇಸರಿನ ಬಣ್ಣ ಸರಿಸುತ್ತ ಹೋದೆ. ಇಬ್ಬರೂ ಗೆರೆಯ ಕಡೆ ನೋಡುತ್ತ ಕೂತೆವು.